ಹೆಸರಿಲ್ಲದ ಗೋರಿ

ಪ್ರಶ್ನೆ: ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ನಟಿಸಿದ 1973ರ ‘ಹೈ ಪ್ಲೇನ್ಸ್ ಡ್ರಿಫ್ಟರ್’ ಚಿತ್ರದಲ್ಲಿ ಪ್ರೇತದಂಥ ಸವಾರ ಲಾಗೋ ಊರನ್ನು ಕ್ಷಮಿಸುವುದೇ ಇಲ್ಲ. ಅಲ್ಲಿ ಯಾರಿಗೂ ಎರಡನೆಯ ಅವಕಾಶವಿಲ್ಲವೇ?
– ಓದುಗರೊಬ್ಬರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಒಬ್ಬನಿಗೆ ಇದೆ. ಆ ಊರಿನ ಕಾನೂನು ಕಾಯುವ ಅಧಿಕಾರಿ ಮಾರ್ಷಲ್ ಡಂಕನ್‌ನನ್ನು ನಡುಬೀದಿಯಲ್ಲಿ ಚಾವಟಿಯಿಂದ ಹೊಡೆದು ಕೊಲ್ಲುವಾಗ ಊರವರು ಸುಮ್ಮನೆ ನೋಡುತ್ತ ನಿಂತಿದ್ದರು. ಅದೇ ಊರಿನ ಮಾರ್ಡಿಕೈ ಎಂಬವನು ಹೆದರಿ ಕಟ್ಟಡದ ಅಡಿಯಲ್ಲಿ ಅವಿತು ನೋಡಿದ್ದ. ಕೊನೆಗೆ ಸವಾರನತ್ತ ಮರೆಯಿಂದ ಗುರಿಯಿಟ್ಟ ಹೋಟೆಲ್ ಮಾಲೀಕನಿಗೆ ಗುಂಡು ಹಾರಿಸುವವನೂ, ಡಂಕನ್‌ನ ಗೋರಿಗೆ ಹೆಸರು ಬರೆಯುವವನೂ ಅವನೇ. ಉಳಿದವರಿಗೆ ದಕ್ಕಿದ್ದು ಕೆಂಪು ಬಳಿದ ಮನೆಗಳು, ‘ನರಕ’ ಎಂಬ ಫಲಕ, ಬೆಂಕಿ. ಗತಿ ಕಾಣದ ಜೀವವನ್ನು ನಾವು ಅಂತರಪಿಶಾಚಿ ಎನ್ನುತ್ತೇವೆ. ಆ ಸವಾರನೂ, ನನಗನ್ನಿಸುವಂತೆ, ಹಾಗೆಯೇ ಅಲೆಯುತ್ತಿದ್ದವನು. ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಊರಿನವರಾದ ತಾವು ಆ ಗೋರಿಯ ದೃಶ್ಯವನ್ನು ಮತ್ತೊಮ್ಮೆ ನೋಡಿ: ಹೆಸರು ಮೂಡಿದ ಮೇಲೆಯೇ ಸವಾರ ಬಿಸಿಲ ಝಳದಲ್ಲಿ ಕರಗಿಹೋಗುತ್ತಾನೆ.