ನಳಿಕೆಯನ್ನು ಮುಟ್ಟದೆ ಸುತ್ತುವ ಎಲೆಕ್ಟ್ರಾನ್

ಪ್ರಶ್ನೆ: ಕಾರ್ಬನ್ ನ್ಯಾನೋನಳಿಕೆಯ (ಇಂಗಾಲದ ಪರಮಾಣುಗಳಿಂದಾದ ಅತಿಸೂಕ್ಷ್ಮ ಕೊಳವೆಯ) ಹೊರಗೆ, ಅದನ್ನು ಮುಟ್ಟದೆಯೇ ಎಲೆಕ್ಟ್ರಾನ್ ಸುತ್ತುತ್ತಿರಬಲ್ಲದು ಎಂದು ಓದಿದ್ದೇನೆ. ನಳಿಕೆಗೆ ವಿದ್ಯುದಂಶವೇ ಇಲ್ಲದಿರುವಾಗ ಎಲೆಕ್ಟ್ರಾನನ್ನು ಹಿಡಿದಿಡುವ ಬಲ ಯಾವುದು?

ಉತ್ತರ: ಆ ಬಲಕ್ಕೆ ಎಲೆಕ್ಟ್ರಾನೇ ಕಾರಣ. ವಾಹಕವೊಂದರ ಸಮೀಪಕ್ಕೆ ಬಂದ ಎಲೆಕ್ಟ್ರಾನ್ ಅದರೊಳಗಿನ ಋಣ ವಿದ್ಯುದಂಶವನ್ನು ದೂರ ತಳ್ಳುವುದರಿಂದ ಎದುರಿನ ಮೈಯಲ್ಲಿ ಧನ ವಿದ್ಯುದಂಶ ಹೆಚ್ಚುತ್ತದೆ. ಕನ್ನಡಿಯ ಹಿಂದೆ ವಿರುದ್ಧ ಗುಣದ ಬಿಂಬವೊಂದು ನಿಂತು ಸೆಳೆಯುತ್ತಿದೆ ಎಂದುಕೊಂಡೇ ಈ ಆಕರ್ಷಣೆಯನ್ನು ಲೆಕ್ಕಹಾಕಬಹುದಾದ್ದರಿಂದ ಇಂಥ ಸ್ಥಿತಿಗಳನ್ನು ಪ್ರತಿಬಿಂಬ ಸ್ಥಿತಿಗಳೆನ್ನುತ್ತಾರೆ. ಚಪ್ಪಟೆ ಲೋಹದ ಮೇಲೆಯೂ ಇವು ಉಂಟು, ಆದರೆ ಅಲ್ಲಿನ ಎಲೆಕ್ಟ್ರಾನ್ ಬಹುಬೇಗ ಲೋಹದೊಳಕ್ಕೆ ಜಾರಿಬಿಡುತ್ತದೆ.

ನಳಿಕೆಯ ವಿಶೇಷವಿರುವುದು ಅದರ ದುಂಡುತನದಲ್ಲಿ. ಸುತ್ತುವ ಎಲೆಕ್ಟ್ರಾನಿಗೆ ಸಾಕಷ್ಟು ಕೋನೀಯ ಸಂವೇಗ (ಸುತ್ತುವಿಕೆಯ ರಭಸದ ಅಳತೆ) ಇದ್ದರೆ, ಒಳಕ್ಕೆ ಸೆಳೆಯುವ ಬಿಂಬದ ಬಲಕ್ಕೂ ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಪರಿಣಾಮಕ್ಕೂ ನಡುವೆ, ಮೈಯಿಂದ ದೂರದಲ್ಲಿ, ಎಲೆಕ್ಟ್ರಾನ್ ನೆಲೆಸಬಲ್ಲ ಶಕ್ತಿಯ ತಗ್ಗೊಂದು ಏರ್ಪಡುತ್ತದೆ. ಭೌತವಿಜ್ಞಾನಿಗಳಾದ ಗ್ರೇಂಜರ್, ಕ್ರಾಲ್, ಸಾದೆಗ್‌ಪೂರ್ ಮತ್ತು ಶಪೀರೊ 2002ರಲ್ಲಿ ಮಂಡಿಸಿದ ಲೆಕ್ಕಾಚಾರದ ಪ್ರಕಾರ ಈ ದೂರ ಸುಮಾರು 10ರಿಂದ 50 ನ್ಯಾನೋಮೀಟರ್. ಆ ಲೆಕ್ಕದಲ್ಲಿನ ನಳಿಕೆಯ ತ್ರಿಜ್ಯವೇ ಒಂದು ನ್ಯಾನೋಮೀಟರಿಗಿಂತ ಕಡಿಮೆ ಎಂಬುದನ್ನು ನೆನೆದರೆ ಇದು ನಿಜಕ್ಕೂ ಸೋಜಿಗದ ಅಂತರ. (ಗ್ರಹ ಮತ್ತು ಉಪಗ್ರಹದ ಹೋಲಿಕೆ ಇಲ್ಲಿ ಆಕರ್ಷಕವಾದರೂ ಅಪೂರ್ಣ, ಏಕೆಂದರೆ ನಳಿಕೆಯ ಉದ್ದಕ್ಕೂ ಎಲೆಕ್ಟ್ರಾನ್ ಸರಾಗವಾಗಿ ಸರಿಯಬಲ್ಲದು.)

ಬಂಧನ ಮಾತ್ರ ಬಲು ದುರ್ಬಲ, ಕೆಲವೇ ಮಿಲಿ ಎಲೆಕ್ಟ್ರಾನ್‌ವೋಲ್ಟ್ (ಶಕ್ತಿಯ ಅತಿ ಚಿಕ್ಕ ಅಳತೆ). ಕೋಣೆಯ ಉಷ್ಣತೆಯಲ್ಲಿನ ಉಷ್ಣಶಕ್ತಿ ಸುಮಾರು 25 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಇರುವುದರಿಂದ ಈ ಸ್ಥಿತಿಗಳಿಗೆ ಕಡುಶೀತ ಬೇಕು. ಬಹುಪದರ ನಳಿಕೆಗಳಲ್ಲಿ ಫೆಮ್ಟೊಸೆಕೆಂಡ್ ಲೇಸರ್ (ಅತ್ಯಲ್ಪ ಕಾಲದ ಬೆಳಕಿನ ಮಿಡಿತ) ಬಳಸಿ 2004ರಲ್ಲಿ ಗುರುತಿಸಿದ ಪ್ರತಿಬಿಂಬ ಸ್ಥಿತಿಗಳು ಮೈಗೆ ಹತ್ತಿರದವು. ನೀವು ಓದಿದ ದೂರದ ಕಕ್ಷೆಗಳನ್ನು ಅವುಗಳೊಂದಿಗೆ ಬೆರೆಸಬಾರದು.