ಲಿನಕ್ಸ್ ಸರ್ವರ್‌ನಲ್ಲಿ ಎಫ್‌ಎಸ್.ಫೈಲ್-ಮ್ಯಾಕ್ಸ್ (ಇಡೀ ಯಂತ್ರ ಒಟ್ಟು ಎಷ್ಟು ಫೈಲ್ ತೆರೆದಿಡಬಹುದು ಅನ್ನೋ ಮಿತಿ) 10 ಲಕ್ಷಕ್ಕೆ ಏರಿಸಿದರೂ ‘ಟೂ ಮೆನಿ ಓಪನ್ ಫೈಲ್ಸ್’ ಎರರ್ ಹೋಗುತ್ತಿಲ್ಲ, ಇನ್ನೆಷ್ಟು ಏರಿಸಲಿ?

ಏರಿಸಲೇಬೇಡಿ. ನಾನೂ ಇದೇ ಸಂಖ್ಯೆಯ ಬೆನ್ನು ಹತ್ತಿ, ಕೊನೆಗೆ ಸರ್ವರ್‌ಗೆ ಲಾಗಿನ್ನೇ ಆಗದ ಹಾಗೆ ಮಾಡಿಕೊಂಡವನು.

ಎರರ್ ಸಾಲನ್ನು ಪೂರ್ತಿ ಓದಿ. ಕೊನೆಯಲ್ಲಿ ‘ಇನ್ ಸಿಸ್ಟಮ್’ ಅನ್ನೋ ಬಾಲ ಇದ್ದರೆ ಮಾತ್ರ ಅದು ಫೈಲ್-ಮ್ಯಾಕ್ಸ್ ತಂಟೆ. ಬಾಲ ಇಲ್ಲ ಅಂದರೆ ಮುಗಿದಿರೋದು ಆ ಒಂದು ಪ್ರೊಸೆಸ್‌ನ (ಓಡುತ್ತಿರುವ ಪ್ರೋಗ್ರಾಮ್‌ನ) ಮಿತಿ. ನಂಬಿಕೆ ಬರದಿದ್ದರೆ ಇದನ್ನು ಓಡಿಸಿ:

ಸಿಸ್‌ಸಿಟಿಎಲ್ ಎಫ್‌ಎಸ್.ಫೈಲ್-ಎನ್‌ಆರ್

ಮೂರು ಸಂಖ್ಯೆ ಬರುತ್ತವೆ. ಮೊದಲನೆಯದು ಇಡೀ ಯಂತ್ರ ಈಗ ಹಿಡಿದಿರುವ ಹ್ಯಾಂಡಲ್‌ಗಳು (ತೆರೆದ ಫೈಲ್‌ಗಳ ಹಿಡಿಕೆ), ನಡುವಿನದು ಲಿನಕ್ಸ್‌ನ ತಿರುಳಾದ ಕರ್ನೆಲ್ 2.6ರಿಂದೀಚೆಗೆ ಸದಾ ಸೊನ್ನೆ, ಮೂರನೆಯದು ಫೈಲ್-ಮ್ಯಾಕ್ಸ್. ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿ, ತನ್ನ 240ನೇ ಆವೃತ್ತಿಯಿಂದ, ಈ ಮೂರನೆಯದನ್ನು ಬೂಟ್ ಆಗುವಾಗಲೇ 9223372036854775807 ಮಾಡಿಡುತ್ತದೆ. ಹೊಸ ಡಿಸ್ಟ್ರೋ (ಲಿನಕ್ಸ್ ಆವೃತ್ತಿ) ಆಗಿದ್ದರೆ ನೀವು ಏರಿಸಿದ್ದಲ್ಲ, ಇಳಿಸಿದ್ದು!

ನನ್ನ ತಪ್ಪು ಇದರ ಮುಂದಿನ ಹೆಜ್ಜೆ. ಯೂಸರ್‌ಗಳ ಮಿತಿ ಬರೆದಿಡುವ ಲಿಮಿಟ್ಸ್.ಕಾನ್ಫ್ ಫೈಲಿನಲ್ಲಿ, ನಕ್ಷತ್ರ ಗುರುತು ಹಾಕಿ, ಎಲ್ಲ ಯೂಸರ್‌ಗಳಿಗೂ ನೋಫೈಲ್ (ಒಂದು ಪ್ರೊಸೆಸ್ ತೆರೆದಿಡಬಹುದಾದ ಫೈಲ್‌ಗಳ ಮಿತಿ) 20 ಲಕ್ಷ ಅಂತ ಬರೆದೆ. ಎಫ್‌ಎಸ್.ಎನ್‌ಆರ್_ಓಪನ್ ಅಂತ ಇನ್ನೊಂದಿದೆ, ಪ್ರೊಸೆಸ್ ಮಿತಿಗೇ ಅದು ಸೂರು. ಅಲ್ಲಿ ಕರ್ನೆಲ್ ಡೀಫಾಲ್ಟ್ 1048576 ಇತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಸರ್ವಾಧಿಕಾರದ ಯೂಸರ್ ಆದ ರೂಟ್‌ಗೂ ‘ಆಪರೇಷನ್ ನಾಟ್ ಪರ್ಮಿಟೆಡ್’. ಲಾಗಿನ್ ಹೊತ್ತಿಗೆ ಈ ಮಿತಿ ಹಚ್ಚುವುದು ಪ್ಯಾಮ್_ಲಿಮಿಟ್ಸ್ ಅನ್ನೋ ಮಾಡ್ಯೂಲ್; ಅದು ಸೋತರೆ ಸೆಷನ್ನೇ ಇಲ್ಲ. ಪಾಸ್‌ವರ್ಡ್ ಸರಿ ಇರುತ್ತದೆ, ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಒಳಗೆ ಬಿಟ್ಟು ಮರುಕ್ಷಣವೇ ಹೊರಗೆ ದಬ್ಬುತ್ತದೆ. ಆಗಲೇ ತೆರೆದಿರುವ ಸೆಷನ್‌ಗೆ ಏನೂ ಆಗುವುದಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡು ನಾನೇ ಎಕ್ಸಿಟ್ ಹೊಡೆದೆ. ಆ ಫೈಲಿನ ನಕ್ಷತ್ರ ಗುರುತು ರೂಟ್‌ಗೆ ತಗುಲುವುದಿಲ್ಲ. ಕನ್ಸೋಲ್‌ನಿಂದ ರೂಟ್ ಆಗಿ ಹೋಗಿ ಸಾಲು ತೆಗೆಯಬೇಕಾಯಿತು. ಲಿಮಿಟ್ಸ್.ಕಾನ್ಫ್ ಮುಟ್ಟುವುದಾದರೆ ಹಳೇ ಸೆಷನ್ ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ.

ಇಷ್ಟೆಲ್ಲ ಮಾಡಿದ್ದೂ ದಂಡವೇ: ಸಿಸ್ಟಮ್‌ಡಿ ಶುರು ಮಾಡುವ ಸರ್ವಿಸ್‌ಗಳು ಆ ಫೈಲನ್ನು ಓದುವುದೇ ಇಲ್ಲ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಅಂತ ಕೊಟ್ಟು ಮುಂದೆ ಸರ್ವಿಸ್ ಹೆಸರು ಹಾಕಿ, ‘ಸರ್ವಿಸ್’ ವಿಭಾಗದಲ್ಲಿ ಹೀಗೆ ಬರೆದು ರೀಸ್ಟಾರ್ಟ್ ಮಾಡಿ:

ಲಿಮಿಟ್‌ನೋಫೈಲ್=65536

ಮಿತಿ ಹತ್ತಿತೋ ಇಲ್ಲವೋ ಅನ್ನುವುದಕ್ಕೆ /ಪ್ರಾಕ್ ಕೆಳಗೆ ಆ ಪ್ರೊಸೆಸ್ ನಂಬರಿನ ಡೈರೆಕ್ಟರಿಯಲ್ಲಿರುವ ‘ಲಿಮಿಟ್ಸ್’ ಫೈಲೇ ಸಾಕ್ಷಿ. ನಿಮ್ಮ ಶೆಲ್‌ನಲ್ಲಿ ಯುಲಿಮಿಟ್ ಹೇಳುವುದು ಶೆಲ್‌ನ ಲೆಕ್ಕ ಮಾತ್ರ.

ನೀವು ಸೇರಿಸಿದ ಫೈಲ್-ಮ್ಯಾಕ್ಸ್ ಸಾಲನ್ನು ಅಳಿಸಿ, ರೀಬೂಟ್ ಆದಾಗ ತಾನಾಗಿ ಸರಿಹೋಗುತ್ತದೆ. ಆಮೇಲೆ /ಪ್ರಾಕ್ ಕೆಳಗಿನ ಅದೇ ಡೈರೆಕ್ಟರಿಯ ‘ಎಫ್‌ಡಿ’ಯಲ್ಲಿ ಎಷ್ಟು ಎಂಟ್ರಿ ಇವೆ ಅಂತ ಗಂಟೆಗೊಮ್ಮೆ ಎಣಿಸಿ. ಲೋಡ್ ಇಳಿದ ಮೇಲೂ ಏರುತ್ತಲೇ ಇದ್ದರೆ ಯಾವುದೋ ಫೈಲನ್ನೋ ಸಾಕೆಟನ್ನೋ (ನೆಟ್‌ವರ್ಕ್ ಸಂಪರ್ಕ) ಮುಚ್ಚದೆ ಬಿಟ್ಟಿರುವ ಕೋಡ್ ಅದು. 65536 ಕೂಡ ಒಂದು ದಿನ ತುಂಬುತ್ತದೆ.