ಸೀಸನ್ ಮುಗಿದ ಮೇಲೆ ಕ್ಯಾಮೆರಾ ಮುಟ್ಟೋಕೂ ಮನಸ್ಸಿಲ್ಲ ಅಂದವರಿಗೆ

ಮದುವೆ ಫೋಟೋ ತೆಗೆಯೋ ಸೀಸನ್ ಮುಗಿದು ಆಷಾಢ ಬಂದರೂ ಕ್ಯಾಮೆರಾ ಕಂಡರೇ ಬೇಜಾರು ಅಂದಿದ್ದೀರಿ. ಮೊದಲು ಬಾಕಿ ಆಲ್ಬಂ ಮುಗಿಸಿ ಕೊಟ್ಟುಬಿಡಿ ಸಾರ್. ಅರ್ಧ ಸುಸ್ತು ಶೂಟಿಂಗಿನದಲ್ಲ, ಹಾರ್ಡ್ ಡಿಸ್ಕಿನಲ್ಲಿ ಕೂತಿರೋ ಫೋಟೋಗಳದ್ದು. ಆಮೇಲೆ ಒಂದು ವಾರ ರಜೆ. ಬ್ಯಾಟರಿ ತೆಗೆದು, ತೇವ ಹೀರೋ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಕ್ಯಾಮೆರಾ, ಲೆನ್ಸ್ ಇಡಿ. ನಮ್ಮ ಮಳೆಗೆ ಬ್ಯಾಗಿನಲ್ಲೇ ಬಿಟ್ಟರೆ ಲೆನ್ಸಿಗೆ ಫಂಗಸ್ ಹಿಡಿಯುತ್ತೆ.

ನಂತರ 50 ಎಂಎಂ ಲೆನ್ಸ್ ಒಂದನ್ನೇ ಹಿಡಿದು ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿ. ಹಕ್ಕಿ ಬಿಡಿ, ಅದಕ್ಕೆ ದೂರದ್ದನ್ನು ಹತ್ತಿರ ತೋರಿಸೋ ಟೆಲಿ ಲೆನ್ಸ್ ಬೇಕು. ಮಳೆ ತೆಗೀರಿ: ಹಿಂದೆ ಕಪ್ಪಗಿನ ಮರದ ಸಾಲು ಇರಲಿ, ಶಟರ್ ವೇಗ 1/60 ಸೆಕೆಂಡ್ ಇಟ್ಟರೆ ಹನಿ ಗೆರೆಯಾಗುತ್ತೆ, 1/500 ಅಥವಾ ಅದಕ್ಕಿಂತ ವೇಗ ಇಟ್ಟರೆ ಹೆಚ್ಚುಕಡಿಮೆ ಹನಿಯಾಗೇ ನಿಲ್ಲುತ್ತೆ. ಬೆಳಕು ಕಮ್ಮಿ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸೋಕೆ ಹೆದರಬೇಡಿ. ಒಟ್ಟು 36 ಫ್ರೇಮ್, ಹಳೇ ರೀಲಿನ ಲೆಕ್ಕ. ಇನ್‌ಸ್ಟಾಗ್ರಾಂಗೆ ಹಾಕೋದು ಮಾತ್ರ ಬೇಡವೇ ಬೇಡ; ಲೈಕ್ ಎಣಿಸೋಕೆ ಕೂತರೆ ಅದೂ ಗಿರಾಕಿ ಕೆಲಸವೇ ಆಯ್ತು.